ಬಾಗಿಲು ಮುಚ್ಚಿದ ಮನೆಯಲ್ಲಿ ಕುಣಿತದ ಹಾಡು

ನಾಲ್ಕು ಜನ ಕೂಡಿ ಬಾಳುವ ಮನೆಯಲ್ಲಿ ಹಾಡಿನ ವಿಷಯವಾಗಿ ವ್ಯಾಜ್ಯ ಹುಟ್ಟದೆ ಇರುವುದು ಅಪರೂಪ. ಒಬ್ಬರಿಗೆ ಇಂಪಾದುದು ಮತ್ತೊಬ್ಬರಿಗೆ ಗದ್ದಲ. ಹಿರಿಯರು ತಲೆದೂಗುವಲ್ಲಿ ಕಿರಿಯರಿಗೆ ನಿದ್ದೆ. ಇಂತಹ ಒಂದು ವ್ಯಾಜ್ಯದಲ್ಲಿ ನಾನು ಸೋತ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ. ಸೋತುದು 2020ರಲ್ಲಿ, ಒಪ್ಪಿಕೊಂಡು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಆ ವರ್ಷದ ಬೇಸಗೆ ಮಳೆಗಾಲಗಳನ್ನು ಯಾರೂ ಮರೆತಿರಲಾರರು. ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಜೂನ್ ತಿಂಗಳಿನಲ್ಲಿ ನನ್ನ ತಂಗಿ ತೀರಿಕೊಂಡಳು. ಅವಳಿಗೆ ಬಂದ ರೋಗ ಬೇರೆಯದು. ಆದರೆ ಕಾಲ ಅದೇ ಆದುದರಿಂದ ಕೊನೆಯ ಕಾರ್ಯಕ್ಕೆ ಕೂಡಿದವರು ಬೆರಳಿನಲ್ಲಿ ಎಣಿಸುವಷ್ಟು ಮಂದಿ. ತಂದೆಯನ್ನು ಹಿಂದೆಯೇ ಕಳೆದುಕೊಂಡಿದ್ದ ಅವಳ ಮಗಳನ್ನು ನಾವು ಮೈಸೂರಿನ ನಮ್ಮ ಮನೆಗೆ ಕರೆತಂದೆವು. ಹುಡುಗಿ ಮಹಡಿಯ ಕೋಣೆಯಲ್ಲಿ ಕುಳಿತು ಕಂಪ್ಯೂಟರಿನ ಮೂಲಕ ತನ್ನ ಕಚೇರಿಯ ಕೆಲಸವನ್ನು ಮಾಡುತ್ತಿದ್ದಳು, ಕರೆದರೆ ಊಟಕ್ಕೆ ಬರುತ್ತಿದ್ದಳು, ಕೇಳಿದರೆ ಮಾತನಾಡುತ್ತಿದ್ದಳು.

ಜುಲೈ ಕೊನೆಯ ವಾರ. ಮೊದಲನೆಯ ಮಾಸಿಕ ಕಳೆದು ಇನ್ನೂ ಮೂರು ದಿನವಾಗಿರಲಿಲ್ಲ. ಮಹಡಿಯಿಂದ ಡಂ ಡಂ ಎಂದು ಒಂದು ಹಾಡು ಕೇಳಿಬಂದಿತು. ನಾನು ಮೆಟ್ಟಿಲು ಹತ್ತಿ ಹೋದೆ.

“ಏನಮ್ಮ ಇದು?”

“ಕೈಲಿ ಮಿನೋಗ್ ಅವರ ಹೊಸ ಹಾಡು, ಮಾವ. ನವೆಂಬರಿನಲ್ಲಿ ಇಡೀ ಆಲ್ಬಂ ಬರುತ್ತದಂತೆ. ‘ಡಿಸ್ಕೋ’ ಎಂದೇ ಅದರ ಹೆಸರು.”

“ಈ ಕಾಲದಲ್ಲಿ ಕುಣಿತದ ಹಾಡೆ? ಅದೂ ಈ ಮನೆಯಲ್ಲಿ?”

ಅವಳು ಮರುಮಾತಾಡದೆ ಹಾಡನ್ನು ನಿಲ್ಲಿಸಿದಳು. ಎದುರು ಮಾತು ಬಂದಿದ್ದರೆ ನನಗೆ ನಿದ್ದೆ ಬರುತ್ತಿತ್ತೋ ಏನೋ. ಸುಮ್ಮನಾದುದರಿಂದ ಬರಲಿಲ್ಲ. ಯಾವುದನ್ನು ಖಂಡಿಸಿದೆನೋ ಅದನ್ನು ತಿಳಿಯದೆ ಖಂಡಿಸಿದೆನಲ್ಲ ಎಂಬುದು ಮನಸ್ಸನ್ನು ಚುಚ್ಚಿತು. ಮನೆಯಿಂದ ಹೊರಗೆ ಹೋಗುವಂತಿಲ್ಲದ ದಿನಗಳು, ಪುರುಸೊತ್ತಿಗೆ ಬರವಿಲ್ಲ. ಈ ಗಾಯಕಿ ಯಾರು, ಈ ಡಿಸ್ಕೋ ಎಂಬುದು ಏನು ಎಂದು ವಿಚಾರಿಸತೊಡಗಿದೆ. ಆಗ ತಿಳಿದುದನ್ನೂ ಅನಂತರ ನಡೆದುದನ್ನೂ ಕೂಡಿಸಿ ಇಲ್ಲಿ ಹೇಳುತ್ತೇನೆ.

ಕೈಲಿ ಮಿನೋಗ್ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 1968ನೆಯ ಇಸವಿ ಮೇ 28ರಂದು ಹುಟ್ಟಿದವಳು. ಮೊದಲು ಪ್ರಸಿದ್ಧಿಗೆ ಬಂದುದು ನಟಿಯಾಗಿ. ‘ನೇಬರ್ಸ್’ ಎಂಬ ದೂರದರ್ಶನದ ಧಾರಾವಾಹಿಯಲ್ಲಿ ಮೋಟಾರು ರಿಪೇರಿ ಮಾಡುವ ಹುಡುಗಿಯ ಪಾತ್ರವನ್ನು ವಹಿಸಿದ್ದಳು. 1987ರಲ್ಲಿ ಹಾಡತೊಡಗಿದಾಗ, ಇದು ನಾಲ್ಕು ದಿನದ ಆಟವೆಂದು ಹೇಳಿದವರು ಬಹು ಮಂದಿ. ನಾಲ್ಕು ದಿನ ನಾಲ್ಕು ದಶಕಗಳ ಸಮೀಪಕ್ಕೆ ಬಂದಿದೆ. ಲಂಡನ್ನಿನಲ್ಲಿ ನೆಲೆಸಿ, 2001ರ ‘ಕಾಂಟ್ ಗೆಟ್ ಯು ಔಟ್ ಆಫ್ ಮೈ ಹೆಡ್’ ಎಂಬ ಹಾಡಿನಿಂದ ಖಂಡಖಂಡಾಂತರಗಳಲ್ಲಿ ಹೆಸರಾದಳು.

ಈಕೆಯ ಬಾಳಿನ ಒಂದು ಘಟನೆಯನ್ನು ಗೃಹಸ್ಥರಾದವರು ಅರಿತಿರಬೇಕು. 2005ರ ಮೇ ತಿಂಗಳಿನಲ್ಲಿ, ಮೂವತ್ತೇಳು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಈಕೆಗೆ ಸ್ತನದ ಕ್ಯಾನ್ಸರ್ ಇರುವುದೆಂದು ತಿಳಿದುಬಂದಿತು. ಸಂಗೀತಯಾತ್ರೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬಲ್ಲಿ ನಡೆಯುವ ಮಹಾಸಂಗೀತೋತ್ಸವದ ಮುಖ್ಯ ಕಚೇರಿಯೂ ಕೈಬಿಟ್ಟಿತು. ಆದರೆ ಈ ಸುದ್ದಿ ಪತ್ರಿಕೆಗಳಲ್ಲಿ ಹರಡಿದ ಎರಡು ವಾರಗಳಲ್ಲಿ ಆಸ್ಟ್ರೇಲಿಯದಲ್ಲಿ ಸ್ತನಪರೀಕ್ಷೆಗೆ ಹೆಸರು ಬರೆಯಿಸಿದ ಹೆಂಗಸರ ಸಂಖ್ಯೆ ನೂರಕ್ಕೆ 40ರಷ್ಟು ಏರಿತೆಂದು ಅಲ್ಲಿಯ ಸಂಶೋಧಕರು ಲೆಕ್ಕ ಹಾಕಿದರು. ಭಯದಿಂದಲೋ ಸಂಕೋಚದಿಂದಲೋ ಮುಂದಕ್ಕೆ ಹಾಕುತ್ತಿದ್ದವರು ಒಬ್ಬ ಹಾಡುಗಾರ್ತಿಯ ಕಾರಣದಿಂದ ಎದ್ದು ಹೊರಟರು. ನಮ್ಮ ಮನೆಗಳಲ್ಲಿ ಹೆಂಗಸರ ಕಾಯಿಲೆಯನ್ನು ಮುಚ್ಚಿಡುವ ದುರಭ್ಯಾಸ ಇನ್ನೂ ಹೋಗಿಲ್ಲವಾದುದರಿಂದ ಇದನ್ನು ಇಲ್ಲಿ ಬರೆದೆ.

ಚಿಕಿತ್ಸೆ ಮುಗಿಸಿ ಈಕೆ 2006ರ ನವೆಂಬರಿನಲ್ಲಿ ಸಿಡ್ನಿ ನಗರದಲ್ಲಿ ಮತ್ತೆ ವೇದಿಕೆಯೇರಿದಳು. ಗ್ಲಾಸ್ಟನ್‌ಬರಿಯ ಬಾಕಿ ತೀರಿದುದು ಹದಿನಾಲ್ಕು ವರ್ಷಗಳ ಮೇಲೆ, 2019ರ ಜೂನ್ 30ರಂದು. ಮೈದಾನ ತುಂಬಿದ ಜನರ ಮುಂದೆ ಹಿಂದಿನ ಮಾತನ್ನು ನೆನೆದು ಆಕೆಯ ಕಣ್ಣು ತುಂಬಿಬಂದಿತು. ಮುಂದಿನ ಸಂಪುಟ ಕುಣಿತದ್ದಾಗಬೇಕೆಂಬ ವಿಚಾರ ಬೇರೂರಿತು. ಅದರ ಹಿಂದಿನ ‘ಗೋಲ್ಡನ್’ ಎಂಬ 2018ರ ಸಂಪುಟ ಅಮೆರಿಕದ ಹಳ್ಳಿಗಾಡಿನ ಹಾಡಿನ ಧಾಟಿಯದು. ಈಗ ಡಿಸ್ಕೋ.

ಡಿಸ್ಕೋ ಎಂಬ ಶಬ್ದದ ಮೂಲವನ್ನು ಹುಡುಕಿದರೆ ಫ್ರೆಂಚ್ ಭಾಷೆಯ ‘ಡಿಸ್ಕೊಟೆಕ್’ ಸಿಕ್ಕುತ್ತದೆ. ಪುಸ್ತಕಭಂಡಾರಕ್ಕೆ ಅವರು ಹೇಳುವ ಶಬ್ದದ ಅಚ್ಚಿನಲ್ಲಿಯೇ ಎರಕ ಹೊಯ್ದ ಶಬ್ದ ಅದು. ಹಾಡಿನ ತಟ್ಟೆಗಳ ಭಂಡಾರವೆಂದು ಅರ್ಥ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ದೇಶ ಪರರ ಕೈಸೇರಿದ್ದಾಗ ಅಲ್ಲಿ ಸಾರ್ವಜನಿಕ ನೃತ್ಯಕೂಟಗಳು ನಿಷಿದ್ಧವಾಗಿದ್ದುವು. ಜನ ಗುಟ್ಟಾಗಿ ಕೂಡಿ, ತಟ್ಟೆ ಹಾಕಿ, ದನಿ ತಗ್ಗಿಸಿ ಕುಣಿಯುತ್ತಿದ್ದರು. ವಾದ್ಯಗಾರರನ್ನು ಕರೆಯಿಸಲು ಹಣವಿಲ್ಲದವರಿಗೂ ಧೈರ್ಯವಿಲ್ಲದವರಿಗೂ ತಟ್ಟೆಯೇ ಗತಿ.

ಮುಂದೆ ಡಿಸ್ಕೋ ಎಂಬ ಸಂಗೀತವು ರೂಪುಗೊಂಡುದು 1970ರ ದಶಕದ ಆರಂಭದಲ್ಲಿ, ಅಮೆರಿಕದ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯ ನಗರಗಳಲ್ಲಿ. 1970ರ ಫೆಬ್ರವರಿಯಲ್ಲಿ ಡೇವಿಡ್ ಮ್ಯಾನ್ಕುಸೊ ಎಂಬಾತ ನ್ಯೂಯಾರ್ಕಿನಲ್ಲಿ ತಾನು ವಾಸವಾಗಿದ್ದ ಅಟ್ಟದಂತಹ ದೊಡ್ಡ ಕೋಣೆಗೆ ಗೆಳೆಯರನ್ನು ಕರೆದು, ರಾತ್ರಿಯೆಲ್ಲ ಒಳ್ಳೊಳ್ಳೆಯ ತಟ್ಟೆಗಳನ್ನು ಹಾಕಿ ಕುಣಿಯುವುದಕ್ಕೆ ಎಡೆಮಾಡಿಕೊಟ್ಟನು. ಅಲ್ಲಿ ಮದ್ಯದ ಮಾರಾಟವಿರಲಿಲ್ಲವೆಂಬುದನ್ನು ಡಿಸ್ಕೋ ಎಂದೊಡನೆ ಮೂಗು ಮುರಿಯುವ ನನ್ನಂಥವರು ಗಮನಿಸಬೇಕು. ಬರುತ್ತಿದ್ದವರು ಯಾರು? ಆಫ್ರಿಕ ಮೂಲದವರು, ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ಕಡೆಯಿಂದ ಬಂದವರು, ತಮ್ಮ ಪ್ರೀತಿಯ ರೀತಿಗಾಗಿ ಮನೆಯಿಂದಲೂ ಸಮಾಜದಿಂದಲೂ ಹೊರಗಾದವರು. ಬೇರೆಲ್ಲಿಯೂ ನಿರಾತಂಕವಾಗಿ ಕೈ ಕೈ ಹಿಡಿದು ನಿಲ್ಲಲಾರದವರಿಗೆ ಆ ಕೋಣೆಯೊಂದು ಅಂಗಳವಾಯಿತು. ಹೀಗೆ ಡಿಸ್ಕೋ ಹುಟ್ಟುವಾಗಲೇ ಕಷ್ಟದಲ್ಲಿದ್ದವರ ಹಾಡು. ಸಿರಿವಂತರ ಮಯೂರವೇಷ ಅದಕ್ಕೆ ಆಮೇಲೆ ಬಂದುದು.

ಇದರ ಲಯವನ್ನು ವಿವರಿಸುವುದು ಕಷ್ಟವಲ್ಲ. ನಾಲ್ಕು ಎಣಿಕೆಯ ಒಂದು ಆವರ್ತ; ನಾಲ್ಕಕ್ಕೆ ನಾಲ್ಕರಲ್ಲಿಯೂ ದೊಡ್ಡ ಡೋಲಿನ ಪೆಟ್ಟು; ಎರಡು ಪೆಟ್ಟುಗಳ ನಡುವಣ ಸಂದಿನಲ್ಲಿ ಕಂಚಿನ ತಾಳದ ‘ಚ್ಸ್’ ಎಂಬ ಸದ್ದು. ಫಿಲಡೆಲ್ಫಿಯದ ಡೋಲುಗಾರನಾದ ಅರ್ಲ್ ಯಂಗ್ ಎಂಬಾತನು ಈ ವಿನ್ಯಾಸವನ್ನು ನೆಲೆಗೊಳಿಸಿದನು. ಅದರ ಮೇಲೆ ಪಿಟೀಲುಗಳ ಮೇಳ, ತುತ್ತೂರಿ, ಕೆಳಗೆ ಓಡುತ್ತಿರುವ ಮಂದ್ರದ ತಂತಿ. ವೇಗ ನಿಮಿಷಕ್ಕೆ 120 ಪೆಟ್ಟಿನ ಆಸುಪಾಸು. ನಮ್ಮ ಊರುಗಳ ಭಜನೆಯನ್ನು ನೆನೆದುಕೊಳ್ಳಿ. ಅಲ್ಲಿ ವಿದ್ವಾಂಸನ ಸೂಕ್ಷ್ಮ ತಾಳಕ್ಕಿಂತ ಎಲ್ಲರ ಕೈಗೂ ಸಿಕ್ಕುವ ಸರಳ ತಾಳಕ್ಕೇ ಬೆಲೆ ಹೆಚ್ಚು. ಸಂಗೀತ ಬಾರದವನೂ ಬಂದು ಸಾಲಿನಲ್ಲಿ ನಿಂತು ಚಪ್ಪಾಳೆ ಹಾಕಬಹುದು, ಯಾರೂ ಅವನನ್ನು ಹೊರಗೆ ಕಳುಹಿಸುವುದಿಲ್ಲ. ಭಾವ ಬೇರೆ, ಉದ್ದೇಶ ಬೇರೆ. ಆದರೆ ಎಲ್ಲರನ್ನೂ ಒಳಗೊಳ್ಳುವ ಈ ಉಪಾಯ ಎರಡರಲ್ಲಿಯೂ ಒಂದೇ.

ಈ ಲಯದ ಒಂದು ವಿಚಿತ್ರವಾದ ಪ್ರಯೋಜನವೂ ಉಂಟು. ಹೃದಯ ನಿಂತು ಕುಸಿದುಬಿದ್ದವರ ಎದೆಯ ನಡುವಣ ಎಲುಬನ್ನು ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತಿರಬೇಕೆಂದು ವೈದ್ಯರು ಕಲಿಸುತ್ತಾರೆ. ಗಾಬರಿಯಲ್ಲಿ ಲೆಕ್ಕ ತಪ್ಪದಿರಲೆಂದು, ಬೀ ಜೀಸ್ ಎಂಬ ಸೋದರರ 1977ರ ‘ಸ್ಟೇಯಿಂಗ್ ಅಲೈವ್’ ಎಂಬ ಡಿಸ್ಕೋ ಹಾಡನ್ನು ಮನಸ್ಸಿನಲ್ಲಿಯೇ ಹಾಡಿಕೊಳ್ಳುತ್ತ ಒತ್ತಿರೆಂದು ಹೇಳಿಕೊಡುವುದುಂಟು. ‘ಬದುಕಿ ಉಳಿಯುವುದು’ ಎಂದೇ ಆ ಹಾಡಿನ ಹೆಸರಿನ ಅರ್ಥ.

ಬದುಕಿ ಉಳಿಯುವ ಮಾತು ಬಂದುದರಿಂದ ಗ್ಲೋರಿಯ ಗೇನರ್ ಎಂಬ ಗಾಯಕಿಯನ್ನು ನೆನೆಯಲೇಬೇಕು. 1978ರಲ್ಲಿ ಈಕೆ ವೇದಿಕೆಯ ಮೇಲೆ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಗುರಿಯಾದಳು. ಬೆನ್ನಿಗೆ ಆಧಾರದ ಪಟ್ಟಿಯನ್ನು ಬಿಗಿದುಕೊಂಡೇ ‘ಐ ವಿಲ್ ಸರ್ವೈವ್’ ಎಂಬ ಹಾಡನ್ನು ಹಾಡಿದಳು. ಪ್ರಕಾಶಕರು ಆ ಹಾಡನ್ನು ತಟ್ಟೆಯ ಹಿಂಬದಿಗೆ ಹಾಕಿದ್ದರು. ನೃತ್ಯಶಾಲೆಗಳಲ್ಲಿ ತಟ್ಟೆ ಹಾಕುವವರು ಅದನ್ನು ಮಗುಚಿ ಹಾಕಿದರು. 1979ರ ಮಾರ್ಚಿನಲ್ಲಿ ಅದು ಅಮೆರಿಕದ ಹಾಡುಗಳಲ್ಲೆಲ್ಲ ಮೊದಲನೆಯದಾಯಿತು.

ಅದೇ ವರ್ಷದ ಜುಲೈ 12ರಂದು ಶಿಕಾಗೊ ನಗರದಲ್ಲಿ ಡಿಸ್ಕೋವಿಗೆ ಬೆಂಕಿ ಬಿದ್ದಿತು. ಇದು ಅಲಂಕಾರದ ಮಾತಲ್ಲ. ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನಕ್ಕೆ ಒಂದು ಡಿಸ್ಕೋ ತಟ್ಟೆಯನ್ನು ತಂದವರಿಗೆ 98 ಸೆಂಟಿಗೆ ಟಿಕೆಟ್ಟು. ಎರಡು ಪಂದ್ಯಗಳ ನಡುವೆ ಆ ತಟ್ಟೆಗಳ ರಾಶಿಯನ್ನು ಮದ್ದಿಟ್ಟು ಹಾರಿಸುವುದೆಂದು ರೇಡಿಯೋದ ಒಬ್ಬ ನಿರೂಪಕನು ಸಾರಿದ್ದನು. ಸುಮಾರು 50,000 ಜನ ನೆರೆದರು. ಸ್ಫೋಟವಾದೊಡನೆ ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿದರು. ನೆಲ ಕಿತ್ತುಹೋಗಿ ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅತಿಯಾದ ಪ್ರಚಾರದಿಂದ ಜನಕ್ಕೆ ಬೇಸರ ಬಂದಿದ್ದುದು ನಿಜ. ಆದರೆ ಅಂದು ಸುಟ್ಟ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದವೂ, ಬರಿಯ ಆಫ್ರಿಕ ಮೂಲದ ಗಾಯಕರವೆಂಬ ಕಾರಣಕ್ಕೆ ಬಂದವೂ ಇದ್ದುವೆಂದು, ಅಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನು ಮುಂದೆ ತಾನೇ ಸಂಗೀತಗಾರನಾದ ಮೇಲೆ ಹೇಳಿದನು. ಹಾಡಿನ ಮೇಲಣ ಕೋಪ ಎಷ್ಟೋ ಸಲ ಹಾಡುವವರ ಮೇಲಣ ಕೋಪವಾಗಿರುತ್ತದೆ.

ಸುಟ್ಟುದು ಸತ್ತಿತೆ? ಇಲ್ಲ. ಅದೇ ಶಿಕಾಗೊ ನಗರದ ‘ವೇರ್‌ಹೌಸ್’ ಎಂಬ ನೃತ್ಯಶಾಲೆಯಲ್ಲಿ ಫ್ರಾಂಕಿ ನಕಲ್ಸ್ ಎಂಬಾತನು ಡಿಸ್ಕೋ ತಟ್ಟೆಗಳನ್ನು ಯಂತ್ರದ ತಾಳದೊಡನೆ ಬೆಸೆದು ಹೊಸದೊಂದನ್ನು ಕಟ್ಟುತ್ತಿದ್ದನು. ಶಾಲೆಯ ಹೆಸರಿನ ತುಂಡೇ ಅದಕ್ಕೆ ಅಂಟಿಕೊಂಡು ‘ಹೌಸ್’ ಸಂಗೀತವೆಂದಾಯಿತು. ಇಂಗ್ಲೆಂಡಿನಲ್ಲಿ ಡಿಸ್ಕೋವಿನ ಮತ್ತೊಂದು ಕವಲು ಬೆಳೆದು, ಅದರಿಂದಲೇ ಕೈಲಿಯ 1987ರ ಮೊದಲ ಹಾಡುಗಳು ಮೂಡಿದುವು. ಹೀಗೆ 2020ರಲ್ಲಿ ಆಕೆ ‘ಡಿಸ್ಕೋ’ ಎಂಬ ಹೆಸರನ್ನಿಟ್ಟುದು ತವರುಮನೆಯ ಹೆಸರನ್ನು ಹೇಳಿದಂತೆ.

ಇಷ್ಟನ್ನು ಓದಿ ತಿಳಿಯುತ್ತಿದ್ದಾಗ ಒಂದು ಹೆಸರು ಎದುರಾಗಿ ನಾನು ಬೆರಗಾದೆ. ಇಂಗ್ಲೆಂಡಿನಲ್ಲಿ ಡಿಸ್ಕೋ ಸಂಗೀತವನ್ನು ಬೆಳೆಸಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. ಕೊಡವ ಮನೆತನದ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಗೆಳೆಯರೊಡನೆ ತಂಡ ಕಟ್ಟಿ ಹಾಡುತ್ತಿದ್ದ ತರುಣ 1960ರ ದಶಕದಲ್ಲಿ ಲಂಡನ್ನಿಗೆ ಹೋದರು. 1974ರಲ್ಲಿ ಅವರು ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಹಾಡಿಸಿದ ‘ಕುಂಗ್ ಫು ಫೈಟಿಂಗ್’ ಇಂಗ್ಲೆಂಡ್ ಅಮೆರಿಕಗಳೆರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. ಅದೂ ಮೊದಲಿಗೆ ತಟ್ಟೆಯ ಹಿಂಬದಿಗೆಂದು, ಉಳಿದ ಸ್ವಲ್ಪ ವೇಳೆಯಲ್ಲಿ, ಅವಸರದಲ್ಲಿ ಮುಗಿಸಿದ ಹಾಡು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ಅವರ ಮತ್ತೊಂದು ಹಾಡಿಗೆ ಇಂಗ್ಲೆಂಡಿನಲ್ಲಿ ಅದೇ ಗೌರವ ಸಂದಿತು. 1980ರಲ್ಲಿ ‘ಕುರ್ಬಾನಿ’ ಎಂಬ ಹಿಂದೀ ಚಿತ್ರಕ್ಕಾಗಿ, ಲಂಡನ್ನಿನಲ್ಲಿ ಓದುತ್ತಿದ್ದ ನಾಜಿಯಾ ಹಸನ್ ಎಂಬ ಪಾಕಿಸ್ತಾನದ ಎಳೆಯ ಹುಡುಗಿಯಿಂದ ‘ಆಪ್ ಜೈಸಾ ಕೋಯಿ’ ಎಂಬ ಹಾಡನ್ನು ಹಾಡಿಸಿದವರೂ ಅವರೇ. ಮರುವರ್ಷ ‘ಡಿಸ್ಕೋ ದೀವಾನೆ’ ಬಂದಿತು. ಭಾರತದ ಮನೆಮನೆಗೂ ಡಿಸ್ಕೋ ಎಂಬ ಶಬ್ದ ಹೊಕ್ಕಿತು. ಆ ದಶಕದ ಕನ್ನಡ ಚಿತ್ರಗಳಲ್ಲಿಯೂ ಬಣ್ಣದ ದೀಪಗಳು ತಿರುಗಿದುವು.

‘ಆಪ್ ಜೈಸಾ ಕೋಯಿ’ ಎಂಬ ಹೆಸರನ್ನು ಓದಿದೊಡನೆ ನನ್ನ ಕೈಯಿಂದ ಕನ್ನಡಕ ಜಾರಿತು. 1980ರ ಕೊನೆ ಇರಬೇಕು. ನನಗೆ ಆಗತಾನೆ ಕೆಲಸ ಸಿಕ್ಕಿತ್ತು. ತಂಗಿಗೆ ಹದಿನೇಳು ವರ್ಷ. ಸಂಜೆಯ ಹೊತ್ತು ಟ್ರಾನ್ಸಿಸ್ಟರನ್ನು ಅಡಿಗೆಮನೆಯ ಕಿಟಕಿಯಲ್ಲಿಟ್ಟು, ಈ ಹಾಡು ಬಂದಾಗಲೆಲ್ಲ ದನಿಯನ್ನು ಏರಿಸುತ್ತಿದ್ದಳು. ಮನೆಗೆ ಹಿರಿಯ ಮಗನೆಂಬ ಗತ್ತಿನಲ್ಲಿ ನಾನು, “ಇದೂ ಒಂದು ಹಾಡೆ? ಇದೇನು ಮನೆಯೋ ಸಂತೆಯೋ?” ಎಂದಿದ್ದೆ. ಅವಳು ಮರುಮಾತಾಡದೆ ದನಿಯನ್ನು ತಗ್ಗಿಸಿದ್ದಳು. ನಲವತ್ತು ವರ್ಷದ ಮೇಲೆ ಅವಳ ಮಗಳಿಗೆ ಅದನ್ನೇ ಹೇಳಿದೆ. ಮಗಳೂ ತಾಯಿಯಂತೆಯೇ ಸುಮ್ಮನಾದಳು. ತಂಗಿಯನ್ನು ಕರೆದು, “ಆಗಲಿ ಕಣೆ, ಜೋರಾಗಿ ಹಾಕಿಕೋ” ಎನ್ನೋಣವೆಂದರೆ ಅವಳಿಲ್ಲ.

ಇನ್ನು ಆ ಸಂಪುಟ ತಯಾರಾದ ಬಗೆಯನ್ನು ಹೇಳಬೇಕು. ಈ ವ್ಯಾಜ್ಯದಲ್ಲಿ ನನ್ನನ್ನು ಪೂರ್ತಿಯಾಗಿ ಸೋಲಿಸಿದುದು ಅದೇ. ಹಾಡುಗಳ ಕೆಲಸ ಇನ್ನೂ ನಡೆದಿರುವಾಗಲೇ 2020ರ ಮಾರ್ಚಿನಲ್ಲಿ ಲಂಡನ್ನೂ ಬಾಗಿಲು ಹಾಕಿಕೊಂಡಿತು. ಧ್ವನಿಮುದ್ರಣಶಾಲೆಗೆ ಹೋಗುವಂತಿಲ್ಲ, ಜೊತೆಯವರು ಒಬ್ಬೊಬ್ಬರು ಒಂದೊಂದು ಮನೆಯಲ್ಲಿ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈಕೆಯ ಕೆಲಸ ಮೈಕಿನ ಮುಂದೆ ನಿಂತು ಹಾಡುವುದು; ಗಾಜಿನ ಆಚೆ ಕುಳಿತು ಯಂತ್ರ ನಡೆಸುವವರು ಬೇರೆಯವರು. ಈಗ ಯಂತ್ರ ನಡೆಸುವವರಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಈಕೆ ಮೈಕು ಮೊದಲಾದ ಸಲಕರಣೆಗಳನ್ನು ಮನೆಗೆ ತರಿಸಿಕೊಂಡು, ‘ಲಾಜಿಕ್’ ಎಂಬ ಧ್ವನಿಮುದ್ರಣದ ತಂತ್ರಾಂಶವನ್ನು ಮೊದಲಿನಿಂದ ಕಲಿತಳು. ಎಲ್ಲಿ ಒತ್ತಿದರೆ ಮುದ್ರಣ ಆರಂಭವಾಗುವುದು, ಕೆಟ್ಟ ಸಾಲನ್ನು ಕತ್ತರಿಸಿ ಒಳ್ಳೆಯದನ್ನು ಜೋಡಿಸುವುದು ಹೇಗೆ ಎಂಬ ಪಾಠಗಳನ್ನು ಶಾಲೆಯ ಹುಡುಗಿಯಂತೆ ಕಲಿತು, ತನ್ನ ದನಿಯನ್ನು ತಾನೇ ಮುದ್ರಿಸಿ ಜೊತೆಯವರಿಗೆ ಕಳುಹಿಸಿದಳು. ಆ ಸಂಪುಟದ ಹೆಚ್ಚಿನ ಹಾಡುಗಳಲ್ಲಿ ಗಾಯನದ ಧ್ವನಿಮುದ್ರಣ ಮಾಡಿದವರ ಸಾಲಿನಲ್ಲಿ ಆಕೆಯ ಹೆಸರೇ ಇದೆ. ಹಿಂದಿನ ಹದಿನಾಲ್ಕು ಸಂಪುಟಗಳಲ್ಲಿ ಆ ಸಾಲಿನಲ್ಲಿ ಅವಳ ಹೆಸರು ಇರಲಿಲ್ಲ.

ಇದರಲ್ಲಿರುವ ಸ್ವಾರಸ್ಯವನ್ನು ನೋಡಿ. ಡಿಸ್ಕೋ ಎಂಬುದು ಗುಂಪಿನ ಸಂಗೀತ; ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಕುವಲ್ಲಿ ಅದರ ಜೀವ. ಆ ಸಂಗೀತದ ಹಾಡನ್ನು ಆಕೆ ಮುಚ್ಚಿದ ಮನೆಯೊಳಗೆ, ಮೈಕಿನ ಮುಂದೆ, ಒಬ್ಬಳೇ ನಿಂತು ಹಾಡಬೇಕು. ಕೇಳುವವರು ಎಲ್ಲಿಯೋ, ಎಂದೋ ಕೂಡಿ ಕುಣಿಯುವರೆಂಬ ನಂಬಿಕೆಯೊಂದೇ ಆಧಾರ. ನಮ್ಮ ಮನೆಗಳಲ್ಲಿ ಬೇಸಗೆಯ ಉರಿಬಿಸಿಲಿನಲ್ಲಿ ಹೆಂಗಸರು ಹಪ್ಪಳ ಲಟ್ಟಿಸಿ ಸಂಡಿಗೆ ಇಟ್ಟು ಒಣಗಿಸಿ ಡಬ್ಬಿಗೆ ತುಂಬುತ್ತಾರೆ. ಆ ಹೊತ್ತಿನಲ್ಲಿ ಅದನ್ನು ತಿನ್ನಬೇಕೆಂಬ ಆಸೆ ಯಾರಿಗೂ ಇರುವುದಿಲ್ಲ. ಹೊರಗೆ ಜಡಿಮಳೆ ಹಿಡಿದು, ಒಲೆ ಹೊಗೆಯಾಡಿ, ಮನಸ್ಸು ಮುದುಡಿದ ದಿನ ಡಬ್ಬಿಯ ಮುಚ್ಚಳ ತೆರೆದರೆ ಅದರ ಬೆಲೆ ತಿಳಿಯುತ್ತದೆ. ಸಂತೋಷವೂ ಹೀಗೆಯೇ. ಅದು ತಾನಾಗಿ ಒದಗಿಬರುವುದೆಂದು ನಾವು ತಿಳಿದಿದ್ದೇವೆ. ಯಾರೋ ಒಬ್ಬರು ಬೇಡವಾದ ಹೊತ್ತಿನಲ್ಲಿ ಬೆವರು ಸುರಿಸಿ ಕೂಡಿಟ್ಟುದು ಎಂಬುದನ್ನು ಮರೆಯುತ್ತೇವೆ.

ಆಕ್ಷೇಪಣೆಯನ್ನೂ ಮುಚ್ಚಿಡಬಾರದು. ಧನಿಕಳಾದ ಗಾಯಕಿ ಸುಖವಾಗಿ ಮನೆಯಲ್ಲಿ ಕುಳಿತು ಹಾಡಿದುದೇನು ದೊಡ್ಡದು, ಕೂಲಿಯವರು ಹಸಿದು ಊರುಗಳಿಗೆ ನಡೆದುಹೋದ ವರ್ಷವಲ್ಲವೆ ಅದು ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹಾಡು ಹೊಟ್ಟೆ ತುಂಬಿಸಲಿಲ್ಲ, ರೋಗವನ್ನು ವಾಸಿಮಾಡಲಿಲ್ಲ. ಅನ್ನ ಕೊಟ್ಟವರೊಡನೆ, ಹಾಸಿಗೆಯ ಬಳಿ ನಿಂತ ದಾದಿಯರೊಡನೆ ಅದನ್ನು ತೂಗುವುದು ತರವಲ್ಲ. ಆದರೆ ಹಸಿವು ನೀಗಿದವರೆಲ್ಲ ಬದುಕುವ ಮನಸ್ಸನ್ನು ಉಳಿಸಿಕೊಂಡಿರುವುದಿಲ್ಲ. ನಮ್ಮ ಮಹಡಿಯ ಕೋಣೆಯಲ್ಲಿದ್ದ ಹುಡುಗಿಗೆ ಮೂರು ಹೊತ್ತಿನ ಊಟವಿತ್ತು. ನಾಳೆ ಎಂಬುದೊಂದು ಇದೆಯೆಂಬ ನಂಬಿಕೆ ಇರಲಿಲ್ಲ. ‘ನವೆಂಬರಿನಲ್ಲಿ ಬರುತ್ತದಂತೆ’ ಎಂದು ಅವಳು ಹೇಳಿದಳಲ್ಲ, ತಾಯಿ ಹೋದ ಮೇಲೆ ಅವಳ ಬಾಯಿಂದ ಮುಂದಿನ ದಿನದ ಮಾತು ಬಂದುದು ಅದೇ ಮೊದಲು. ಅದನ್ನು ನಾನು ಕೇಳಿಸಿಕೊಳ್ಳದೆ ಡೋಲಿನ ಸದ್ದನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಆ ವರ್ಷ ಇಂತಹ ಸಂಪುಟ ಕೈಲಿಯದೊಂದೇ ಅಲ್ಲ. ಡುವಾ ಲಿಪಾ ಎಂಬ ಎಳೆಯ ಗಾಯಕಿಯ ‘ಫ್ಯೂಚರ್ ನಾಸ್ಟಾಲ್ಜಿಯ’ ಮಾರ್ಚ್ 27ರಂದು, ಜೆಸ್ಸಿ ವೇರ್ ಎಂಬಾಕೆಯ ‘ವಾಟ್ಸ್ ಯುವರ್ ಪ್ಲೆಷರ್?’ ಜೂನ್ 26ರಂದು ಹೊರಬಂದಿದ್ದುವು. ಎರಡರಲ್ಲಿಯೂ ಡಿಸ್ಕೋವಿನ ಸತ್ತ್ವವುಂಟು. ನೃತ್ಯಶಾಲೆಗಳೆಲ್ಲ ಮುಚ್ಚಿದ್ದಾಗ ಕುಣಿತದ ಹಾಡುಗಳನ್ನು ಜನ ಅಡಿಗೆಮನೆಗಳಲ್ಲಿ ಹಾಕಿಕೊಂಡು ಕೇಳಿದರು.

‘ಡಿಸ್ಕೋ’ ನವೆಂಬರ್ 6ರಂದು ಬಂದಿತು. ಅದರ ಹಿಂದಿನ ದಿನವೇ, 5ರಂದು, ಇಂಗ್ಲೆಂಡ್ ಎರಡನೆಯ ಸಲ ಬಾಗಿಲು ಹಾಕಿಕೊಂಡಿತ್ತು. ಮರುದಿನ 7ರಂದು ನಡೆದ ಕಚೇರಿಯನ್ನು ಜನ ತಮ್ಮ ತಮ್ಮ ಮನೆಗಳಲ್ಲಿ ಪರದೆಯ ಮೇಲೆ ನೋಡಿದರು. ಆದರೂ ಸಂಪುಟವು ಇಂಗ್ಲೆಂಡಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಮೊದಲ ಸ್ಥಾನಕ್ಕೇರಿತು. 1980ರ ದಶಕದಿಂದ 2020ರ ದಶಕದವರೆಗೆ ಒಂದರ ಮೇಲೊಂದರಂತೆ ಐದು ದಶಕಗಳಲ್ಲಿಯೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನದ ಸಂಪುಟವನ್ನು ಪಡೆದ ಮೊದಲ ಮಹಿಳೆ ಎಂಬ ಕೀರ್ತಿ ಆಕೆಗೆ ಬಂದಿತು. ಇಂಗ್ಲೆಂಡಿನ ನೃತ್ಯಶಾಲೆಗಳು ಬಾಗಿಲು ತೆರೆದುದು 2021ರ ಜುಲೈ 19ರಂದು. ಅಲ್ಲಿಯ ವರೆಗೆ ಹಾಡು ಡಬ್ಬಿಯಲ್ಲಿ ಕಾದಿತ್ತು.

2021ರ ನವೆಂಬರಿನಲ್ಲಿ ಅದೇ ಸಂಪುಟವು ಅತಿಥಿಗಳ ಹಾಡುಗಳನ್ನು ಕೂಡಿಸಿಕೊಂಡು ಮತ್ತೆ ಬಂದಾಗ, ಡುವಾ ಲಿಪಾ, ಜೆಸ್ಸಿ ವೇರ್ ಇಬ್ಬರ ಜೊತೆಗೆ ಗ್ಲೋರಿಯ ಗೇನರ್ ಕೂಡ ಅದರಲ್ಲಿ ಹಾಡಿದ್ದಳು. ತಟ್ಟೆಗಳನ್ನು ಸುಟ್ಟ ವರ್ಷದ ಗಾಯಕಿ ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಂದು ದನಿಗೂಡಿಸಿದಳೆಂದರೆ, ಬೆಂಕಿ ಗೆದ್ದಿತೋ ಹಾಡು ಗೆದ್ದಿತೋ ವಾಚಕರೇ ನಿರ್ಣಯಿಸಲಿ.

ನಮ್ಮ ಮನೆಯ ಕಥೆಯನ್ನು ಮುಗಿಸುತ್ತೇನೆ. ನವೆಂಬರ್ 6ರ ಸಂಜೆ ದೀಪಾವಳಿಗೆ ಇನ್ನು ಎಂಟು ದಿನ. ಹುಡುಗಿಗೆ ಅದು ಹಬ್ಬವಿಲ್ಲದ ವರ್ಷ. ನಾನೇ ಮೆಟ್ಟಿಲು ಹತ್ತಿಹೋಗಿ ಬಾಗಿಲು ತಟ್ಟಿದೆ.

“ಬಂದಿತೇನಮ್ಮ ನಿನ್ನ ಆಲ್ಬಂ?”

ಅವಳು ನನ್ನ ಮುಖವನ್ನು ನೋಡಿದಳು. “ಬಂದಿದೆ, ಮಾವ. ನಾನು ಇಯರ್‌ಫೋನ್ ಹಾಕಿಕೊಂಡೇ ಕೇಳುತ್ತಿದ್ದೇನೆ.”

“ಕೆಳಗೆ ತಾ. ನಿನ್ನ ಅತ್ತೆಯೂ ಕೇಳಲಿ.”

ನಡುಮನೆಯಲ್ಲಿ ಹಾಡು ಹೊರಟಿತು. ಯಾರೂ ಕುಣಿಯಲಿಲ್ಲ, ನಮ್ಮದು ಕುಣಿಯುವ ಮನೆತನವಲ್ಲ. ನನ್ನ ಮನೆಯಾಕೆ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದವಳು, ಎರಡನೆಯ ಹಾಡಿನ ಹೊತ್ತಿಗೆ ತಿಳಿಯದೆಯೇ ಕಾಲ ಹೆಬ್ಬೆರಳಿನಿಂದ ತಾಳ ಹಾಕುತ್ತಿದ್ದಳು. ಹುಡುಗಿ ಅದನ್ನು ಕಂಡು ನಕ್ಕಳು. ನಕ್ಕು, ಸ್ವಲ್ಪ ಹೊತ್ತಿನ ಮೇಲೆ ಅತ್ತಳು. ಐದು ತಿಂಗಳಿನಿಂದ ಅವಳು ನಮ್ಮೆದುರಿಗೆ ಅತ್ತಿರಲಿಲ್ಲ. ನಾನು ಅವಳಿಗೆ 1980ರ ಟ್ರಾನ್ಸಿಸ್ಟರಿನ ಕಥೆಯನ್ನು, ನನ್ನ ತಪ್ಪನ್ನೂ ಬಿಡದೆ, ಹೇಳಿದೆ.

“ಅಮ್ಮ ನನಗೂ ಹೇಳಿದ್ದರು, ಮಾವ. ನೀವು ಆಫೀಸಿಗೆ ಹೋದ ಮೇಲೆ ಜೋರಾಗಿಯೇ ಹಾಕಿಕೊಳ್ಳುತ್ತಿದ್ದರಂತೆ.”

ದುಃಖದ ಮನೆಯಲ್ಲಿ ಮೌನಕ್ಕೆ ತನ್ನ ಸ್ಥಾನವುಂಟು. ಆದರೆ ಮೌನವನ್ನು ಹಿರಿಯರು ಕಿರಿಯರ ಮೇಲೆ ಹೇರಬಾರದು. ನಿಮ್ಮ ಮನೆಯ ಮಹಡಿಯಿಂದ ನಿಮಗೆ ಹಿಡಿಸದ ಹಾಡೊಂದು ಕೇಳಿಬಂದರೆ, ನಿಲ್ಲಿಸೆನ್ನುವ ಮೊದಲು, ಅದು ಏನು ಎಂದು ಕೇಳಿ ನೋಡಿ. ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ನಾನು ಎರಡು ಸಲ ತಪ್ಪಿದೆ. ಎರಡನೆಯದನ್ನಾದರೂ ತಿದ್ದಿಕೊಳ್ಳುವಷ್ಟು ಕಾಲ ನನಗೆ ಸಿಕ್ಕಿತು.